ಪಶ್ತೋ ಹಾಡಿನ ಹೆಂಗಸಿಗೆ ಮಾವ್ಶಿಯ ತಪಾಸಣೆ

ನಮ್ಮ ಮಾವ್ಶಿಗೆ ಹಾಡು ಕೇಳಲು ಬರುವುದಿಲ್ಲ. ಪಾಪ, ಕಿವುಡಿಯೇ ಎಂದು ಮರುಗಬೇಡಿ! ಅವಳ ಕಿವಿ ಎಷ್ಟು ಚುರುಕೆಂದರೆ ಪಕ್ಕದ ಫ್ಲ್ಯಾಟಿನಲ್ಲಿ ಯಾರಾದರೂ ಕೆಮ್ಮಿದರೆ ಅದು ಒಣ ಕೆಮ್ಮೋ ಕಫದ ಕೆಮ್ಮೋ ಎಂದು ಗೋಡೆಯ ಈಚೆಯಿಂದಲೇ ಹೇಳಿಬಿಡುತ್ತಾಳೆ. ತೊಂದರೆ ಬೇರೆ. ನಮಗೆಲ್ಲ ಹಾಡಿನಲ್ಲಿ ಹಾಡು ಕೇಳಿಸಿದರೆ ಇವಳಿಗೆ ಕಾಯಿಲೆ ಕೇಳಿಸುತ್ತದೆ.

ಮಾವ್ಶಿ ಎಂದರೆ ಕೊಂಕಣಿಯಲ್ಲಿ ತಾಯಿಯ ತಂಗಿ. ಹೆಸರು ಬರೆಯುವುದಿಲ್ಲ. ಬರೆದರೆ ಪುಸ್ತಕ ಹಿಡಿದುಕೊಂಡೇ ಬಂದು, "ಎಲ್ಲಿ, ನಿನ್ನ ಉಗುರು ತೋರಿಸು" ಎನ್ನುತ್ತಾಳೆ. ಕುವೈತಿಗೆ ಬಂದು ಇಪ್ಪತ್ತೆಂಟು ವರ್ಷ. ಹೃದಯ ಮತ್ತು ಶ್ವಾಸಕೋಶದ ವಾರ್ಡಿನ ನರ್ಸ್. ಮದುವೆಯಾಗಲಿಲ್ಲ. ನನ್ನನ್ನೂ ನನ್ನ ತಮ್ಮಂದಿರನ್ನೂ ಓದಿಸಿದವಳು, ಕೊನೆಗೆ ನನಗೆ ಇಲ್ಲೇ ಕೆಲಸ ಹುಡುಕಿಕೊಟ್ಟವಳು ಅವಳೇ. ಎಗೈಲಾ ಎಂಬ ಬಡಾವಣೆಯಲ್ಲಿ ಒಂದೇ ಫ್ಲ್ಯಾಟಿನಲ್ಲಿ ಇಬ್ಬರೂ ಇದ್ದೇವೆ. ನಾನು ಸೀನಿದರೂ ಅವಳ ಲೆಕ್ಕಕ್ಕೆ ಸಿಗುತ್ತದೆ.

ನಗುವ ವಿಷಯವೇ. ಆದರೆ ಈ ವಿಚಿತ್ರ ಕಿವಿಯ ಮೇಲೆ ಒಮ್ಮೆ ಒಬ್ಬ ಹೆಂಗಸಿನ ಜೀವ ನಿಂತಿತ್ತು. ಅವಳ ಮುಖವನ್ನು ನಾವು ನೋಡಿರಲಿಲ್ಲ, ಹೆಸರು ಕೇಳಿರಲಿಲ್ಲ. ಅಂಥವಳೊಬ್ಬಳು ನಿಜಕ್ಕೂ ಇದ್ದಾಳೋ ಇಲ್ಲವೋ ಎಂಬುದೇ ಮೊದಮೊದಲು ನಮಗೆ ತಿಳಿದಿರಲಿಲ್ಲ. ಅದನ್ನು ನೆನೆದರೆ ಈಗಲೂ ನನ್ನ ಮೈ ಜುಂ ಎನ್ನುತ್ತದೆ.

ಮಾವ್ಶಿಯ ಮಾತು ಸುಳ್ಳಾಗುವುದಿಲ್ಲ, ಹೆದರಿಕೆಯ ಮೂಲವೇ ಅದು. ಒಂದು ಕ್ರಿಸ್ಮಸ್‌ಗೆ ಇಗರ್ಜಿಯ ಗಾಯನ ಮಂಡಳಿಯಲ್ಲಿ ಒಬ್ಬರು ಬಾಯಿ ತುಂಬಾ ದೇವರನ್ನು ಸ್ತುತಿಸುತ್ತಿದ್ದರು. ಜನ ಕಣ್ಣು ಮುಚ್ಚಿ ತಲೆದೂಗುತ್ತಿದ್ದರೆ ಇವಳು ನನ್ನ ಕಿವಿಯಲ್ಲಿ, "ಅವಳ ಗಂಟಲಲ್ಲಿ ಒಂದು ಗಂಟು ಉಂಟು" ಎಂದಳು. ಈಸ್ಟರಿನ ಮುಂಚಿನ ಲೆಂಟ್ ಉಪವಾಸ ಬರುವಷ್ಟರಲ್ಲಿ ಆ ಹೆಂಗಸಿನ ಥೈರಾಯ್ಡ್ ಆಪರೇಷನ್ ಆಯಿತು! ಊರಿನಲ್ಲಿ ಒಂದು ಮದುವೆಯಲ್ಲಿ ವರನ ಕೈ ಕುಲುಕಿ ಬಂದವಳೇ, "ಸಕ್ಕರೆ ಕಾಯಿಲೆ. ಕೇಕ್ ಸಣ್ಣ ತುಂಡು ಕೊಡ್ಲಿ" ಎಂದಳು. ಅದೂ ನಿಜವಾಯಿತು. ನಮ್ಮ ಬಂಧುಗಳಲ್ಲಿ ಅರ್ಧ ಜನ ಇವಳದು ಕರಿನಾಲಿಗೆ ಎನ್ನುತ್ತಾರೆ. ಉಳಿದರ್ಧ ಜನ ಇವಳೆದುರು ಬಾಯಿಯನ್ನೇ ತೆರೆಯುವುದಿಲ್ಲ, ನಾಲಿಗೆ ನೋಡಿಬಿಟ್ಟಾಳು ಎಂದು.

ಇಂಥವಳನ್ನು ದಿನಾ ಎರಡು ಹೊತ್ತು ಪಶ್ತೋ ಹಾಡಿನ ಜೊತೆ ಒಂದೇ ವ್ಯಾನಿನಲ್ಲಿ ಕೂರಿಸಿದರೆ ಏನಾಗಬೇಡ?

ವ್ಯಾನ್ ಖಾನ್ ಭಾಯಿಯದು. ಪೆಶಾವರದಿಂದಲೂ ಇನ್ನೂ ಆಚೆ, ಬೆಟ್ಟದ ಮೇಲೆ ಅವರ ಊರು, ಪಶ್ತೋ ಅವರ ಮನೆಮಾತು. ಬೆಳಿಗ್ಗೆ ಎಗೈಲಾದಿಂದ ಹತ್ತಿಸಿಕೊಂಡು ಶುವೈಖ್‌ಗೆ ಬಿಡುತ್ತಾರೆ, ಮಧ್ಯಾಹ್ನ ಮೂರರ ಹೊತ್ತಿಗೆ ವಾಪಸು ತರುತ್ತಾರೆ. ಮಾವ್ಶಿ ಆಸ್ಪತ್ರೆಗೆ. ನಾನು ಶುವೈಖ್ ಇಂಡಸ್ಟ್ರಿಯಲ್ ಏರಿಯಾದಲ್ಲಿ ಕಾರಿನ ಬಿಡಿಭಾಗ ಮಾರುವ ಅಂಗಡಿಯ ಕೌಂಟರಿಗೆ. ಮೂರನೆಯವರು ಕಾಪು ಕಡೆಯ ಶೆಟ್ಟರು, ನಮ್ಮ ಬೀದಿಯಲ್ಲೇ ಗೋದಾಮಿನ ಉಸ್ತುವಾರಿ. ಅವರಿಗೆ ಕೊಂಕಣಿ ಬಾರದು, ನಮ್ಮ ತುಳು ಅಷ್ಟಕ್ಕಷ್ಟೇ, ಹಾಗಾಗಿ ವ್ಯಾನಿನಲ್ಲಿ ಕನ್ನಡ. ಖಾನ್ ಭಾಯಿಯ ಜೊತೆ ಎಲ್ಲರದೂ ಮುರುಕು ಉರ್ದು.

ಖಾನ್ ಭಾಯಿ ಮಿತಭಾಷಿ. ಮಾತಾಡುವುದೆಲ್ಲ ಅವರ ಸ್ಪೀಕರ್. ಎಲ್ಲ ಹಾಡಿನಲ್ಲೂ ಒಬ್ಬ ಹೆಂಗಸು ಬರಲೇಬೇಕು. ಮುಂದಿನ ಗಾಜಿನ ಮೂಲೆಯಲ್ಲೂ ಒಬ್ಬಳಿದ್ದಳು, ಆದರೆ ಬರೀ ಎರಡು ಕಣ್ಣು. ಕಾಡಿಗೆ ತೀಡಿದ ಜೋಡಿ ಕಣ್ಣಿನ ಸ್ಟಿಕ್ಕರ್. ಮೂಗಿಲ್ಲ, ಬಾಯಿಲ್ಲ. ಅವರ ಊರಿನ ಲಾರಿಗಳ ಮೇಲೆಲ್ಲ ಹೀಗೆ ಬರೆಸುತ್ತಾರಂತೆ. ಯಾವ ಸೀಟಿನಲ್ಲಿ ಕುಳಿತರೂ ಅದು ನಮ್ಮನ್ನೇ ನೋಡುತ್ತಿತ್ತು.

ಮಾವ್ಶಿಗೆ ಭಾಷೆ ತಿಳಿಯದಿದ್ದರೆ ಹೊಟ್ಟೆನೋವು. ಹಾಗಾಗಿ ಪ್ರತಿ ಹಾಡಿಗೂ, "ಖಾನ್ ಭಾಯಿ, ಇವಳು ಏನಾಗಿದ್ದಾಳೆ?" ಎಂದು ಕೇಳುವುದು. ಅವರು ರಸ್ತೆಯಿಂದ ಕಣ್ಣು ತೆಗೆಯದೆ ಅರ್ಥ ಹೇಳುವುದು. ಇವಳು ರೋಗ ಹೇಳುವುದು!

"ಹುಡುಗಿ ಚಂದ್ರನ ಹಾಗೆ ಬೆಳ್ಳಗೆ, ಬಾಜಿ." ಬಾಜಿ ಎಂದರೆ ಅಕ್ಕ.

"ರಕ್ತ ಇಲ್ಲ. ಕಬ್ಬಿಣದ ಮಾತ್ರೆ ಬೇಕು."

"ಸೊಂಟ ಎಷ್ಟು ಸಣ್ಣ ಅಂದರೆ ಗಾಳಿ ಬಂದರೆ ಬಾಗುತ್ತಾಳೆ."

"ಊಟ ಹಾಕಿ ಅವಳಿಗೆ! ಗಂಡಸರೆಲ್ಲ ತಿಂದು ಮುಗಿದ ಮೇಲೆ ಕೂತರೆ ಹೀಗೇ ಆಗುದು."

"ಗುದರ್‌ಗೆ ಹೋದಳು, ಕೊಡ ಅಲ್ಲೇ ಮರೆತು ಬಂದಳು." ಗುದರ್ ಎಂದರೆ ಹೆಂಗಸರು ನೀರಿಗೆ ಹೋಗುವ ಝರಿ. ಪಶ್ತೋ ಹಾಡಿನ ಅರ್ಧ ಪ್ರೇಮ ನಡೆಯುವುದು ಅಲ್ಲೇ, ಗಂಡಸರು ಅತ್ತ ಹೋಗುವುದು ನಿಷಿದ್ಧವಾದ್ದರಿಂದ!

"ಮರೆವು. ಇವಳಿಗೂ ಥೈರಾಯ್ಡ್ ನೋಡ್ಬೇಕು," ಎಂದಳು ಮಾವ್ಶಿ. ಖಾನ್ ಭಾಯಿ ಮೀಸೆಯೊಳಗೇ ನಕ್ಕರು. ಶೆಟ್ಟರು, "ಸಿಸ್ಟರ್, ಆ ಕವಿಗಳೆಲ್ಲ ನಿಮ್ಮ ಹತ್ರ ಮೊದಲೇ ಬಂದಿದ್ರೆ ಒಬ್ಬನೂ ಬರೀತಿರ್ಲಿಲ್ಲ ಮಾರಾಯ್ರೆ" ಎಂದರು.

ಇಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಒಂದು ದಿನ ಮಾವ್ಶಿ ಕೈಚೀಲದಿಂದ ಒಂದು ಹಾಳೆ ತೆಗೆದಳು. ರೋಗಿಯ ಮೈಮೇಲೆ ಎಲ್ಲೆಲ್ಲಿ ಗಾಯವಿದೆ ಎಂದು ಗುರುತು ಹಾಕಲು ಆಸ್ಪತ್ರೆಯಲ್ಲಿ ಮನುಷ್ಯನ ಆಕಾರದ ಗೆರೆಚಿತ್ರ ಇರುತ್ತದಲ್ಲ, ಅದು. "ಈ ಹಾಡುಗಳಲ್ಲಿ ಒಂದು ಇಡೀ ಹೆಂಗಸು ಇಲ್ಲವೇ ಇಲ್ಲ, ಗಮನಿಸಿದ್ದೀರಾ? ಒಂದರಲ್ಲಿ ಕಣ್ಣು ಬರ್ತದೆ, ಒಂದರಲ್ಲಿ ಕೂದಲು. ತುಂಡು ತುಂಡು. ನಾನು ಜೋಡಿಸಿ ನೋಡ್ತೇನೆ," ಎಂದಳು.

ಅಂದಿನಿಂದ ಜೋಡಣೆ ಶುರು. ಹಾಡಿನಲ್ಲಿ ಹುಬ್ಬು ಬಂದರೆ ಹಾಳೆಯಲ್ಲಿ ಹುಬ್ಬು. ಹಣೆಯ ಮೇಲೆ ಹಸಿರು ಹಚ್ಚೆಯ ಚುಕ್ಕೆ ಬಂದರೆ ಒಂದು ಚುಕ್ಕೆ. ಕತ್ತು, ಮಣಿಕಟ್ಟು, ಬಳೆ, ಗೆಜ್ಜೆಯ ಪಾದ. ಎರಡು ತಿಂಗಳಲ್ಲಿ ಖಾಲಿ ಆಕಾರದೊಳಗೆ ಒಬ್ಬಳು ಮೂಡತೊಡಗಿದಳು. ಒಮ್ಮೆ ಹಾಳೆಯ ಮೇಲೆ ಬಿಸಿಲು ಬಿದ್ದಾಗ ನಾನು ಬಗ್ಗಿ ನೋಡಿ ಬೆಚ್ಚಿಬಿದ್ದೆ. ಗಾಜಿನ ಸ್ಟಿಕ್ಕರಿನ ಕಣ್ಣನ್ನೇ ಇವಳು ಹಾಗೇ ಇಳಿಸಿಕೊಂಡಿದ್ದಳು.

"ಅದನ್ನು ಪೂರ್ತಿ ಮಾಡ್ಬೇಡಿ ಸಿಸ್ಟರ್," ಎಂದರು ಶೆಟ್ಟರು. "ನಮ್ಮಲ್ಲಿ ಹೀಗೆ ಆಕಾರ ಬರೆದು ಕಣ್ಣು ಇಟ್ರೆ ಅದು ಎದ್ದು ಬರ್ತದೆ."

"ಬರ್ಲಿ. ಹೊಟ್ಟೆ ಇಲ್ಲ, ಲಿವರ್ ಇಲ್ಲ, ಶ್ವಾಸಕೋಶ ಇಲ್ಲ. ಎಷ್ಟು ದೂರ ನಡೀತಾಳೆ ನೋಡ್ವಾ!"

ಮರುದಿನದಿಂದ ಶೆಟ್ಟರು ಮುಂದಿನ ಸೀಟು ಬಿಟ್ಟು ಹಿಂದೆ ಬಂದು ಕುಳಿತರು. ಆ ಕಣ್ಣಿಗೆ ಎದುರಾಗಿ ಕೂರಲಾರೆ ಎಂದರು. ವ್ಯಾನ್ ಹೊರಟಿತು. ಹೊರಟದ್ದೇ ಟುಂ ಟುಂ ಎಂದು ಬಡಿದುಕೊಳ್ಳತೊಡಗಿತು. ನೋಡಿದರೆ ಮುಂದಿನ ಸೀಟಿನಲ್ಲಿ ಕುಳಿತವರು ಬೆಲ್ಟ್ ಹಾಕಿಲ್ಲ ಎಂದು ದೂರು! ಕುಳಿತವರು ಯಾರು? ಸೀಟು ಖಾಲಿ. ಅಷ್ಟು ವರ್ಷ ಶೆಟ್ಟರ ಭಾರ ಹೊತ್ತು ಸೀಟಿನೊಳಗಿನ ಸೆನ್ಸರ್ ಅಮುಕಿಹೋಗಿದೆ ಎಂದು ಬಿಡಿಭಾಗ ಮಾರುವವಳಾದ ನಾನು ವಿವರಿಸಿದೆ. ವಿವರಣೆ ಸರಿಯಾಗಿಯೇ ಇತ್ತು. ಆದರೂ ಖಾನ್ ಭಾಯಿ ಕೈ ಚಾಚಿ ಖಾಲಿ ಸೀಟಿಗೆ ಬೆಲ್ಟ್ ಬಿಗಿದಾಗ, ಆ ಬೆಲ್ಟ್ ಯಾರನ್ನೋ ತಬ್ಬಿ ಕುಳಿತಂತೆ ಕಂಡಿತು. ನಾನು ಕಿಟಕಿಯ ಕಡೆ ತಿರುಗಿಕೊಂಡೆ.

ಇಷ್ಟಾದರೂ ಹೊಟ್ಟೆ, ಲಿವರು, ಶ್ವಾಸಕೋಶ ಯಾವ ಹಾಡಿನಲ್ಲೂ ಸಿಗಲಿಲ್ಲ. ಮಾವ್ಶಿ ಖಾನ್ ಭಾಯಿಯ ಮೇಲೆ ರೇಗಿದಳು. "ಯಾವನಿಗಾದ್ರೂ ಅವಳ ಹಸಿವೆ ಕಂಡಿದೆಯಾ?"

ಖಾನ್ ಭಾಯಿ ಹೇಳಿದರು. "ಇವೆಲ್ಲ ಗಂಡಸರು ಬರೆದದ್ದು, ಬಾಜಿ. ಹೆಂಗಸರದ್ದು ಬೇರೆ ಇದೆ. ಟಪ್ಪಾ ಅಂತ. ಎರಡೇ ಸಾಲು. ಕಟ್ಟಿದವಳು ಯಾರು ಅಂತ ಹೆಸರು ಇರೋದಿಲ್ಲ. ಮದುವೆಯಲ್ಲಿ, ನೀರಿನ ಹತ್ತಿರ, ಹೆಂಗಸರು ಅವರವರೇ ಹಾಡಿಕೊಳ್ಳೋದು." ಆಮೇಲೆ ಒಂದನ್ನು ಪಶ್ತೋದಲ್ಲಿ ಹೇಳಿ ಅರ್ಥ ಬಿಡಿಸಿದರು.

ಹೋಗು ದೊಡ್ಡ ಮಾತಿನವನೇ, ಹೋಗು ಕಾಳಗಕ್ಕೆ;
ಓಡಿಬಂದೆಯೋ, ಅಗಳಿ ಹಾಕಿದ್ದೇನೆ ಒಳಗಿನಿಂದ ಬಾಗಿಲಿಗೆ.

ಮಾವ್ಶಿ ಕುಳಿತಲ್ಲೇ ಎಗರಿದಳು. "ಇವಳಿಗೆ ಲಿವರ್ ಉಂಟು! ಉರ್ದುವಲ್ಲಿ ಧೈರ್ಯಕ್ಕೂ ಲಿವರಿಗೂ ಜಿಗರ್ ಅಂತಲೇ ಹೇಳುದು," ಎಂದು ಹಾಳೆ ತೆಗೆದು ಬಲಪಕ್ಕೆಗೆ ಗುರುತು ಹಾಕಿದಳು. ಇನ್ನೊಂದು ಟಪ್ಪಾದಲ್ಲಿ ಸೊಸೆಯೊಬ್ಬಳು ಅತ್ತೆ ಬಚ್ಚಿಟ್ಟ ಬೆಣ್ಣೆಯನ್ನು ಕದ್ದು ತಿಂದು ತಪ್ಪನ್ನು ಕಾಗೆಯ ಮೇಲೆ ಹಾಕಿದ್ದಳು. ಹೊಟ್ಟೆಯೂ ಬಂತು. ಗಂಡಸರ ಹಾಡಿನಲ್ಲಿ ಮಾತೇ ಆಡದೆ ಕಣ್ಣು ಬಿಟ್ಟುಕೊಂಡು ನಿಂತಿದ್ದವಳು ಹೆಂಗಸರ ಎರಡು ಸಾಲಿನಲ್ಲಿ ಬಾಯಿ ತೆರೆದರೆ ಬೆಂಕಿ! ಇದನ್ನು ಕೇಳಿ ನನಗೂ ಖುಷಿಯಾಯಿತು, ಸುಳ್ಳೇಕೆ. ಇನ್ನು ಶ್ವಾಸಕೋಶವೊಂದೇ ಬಾಕಿ ಎಂದು ಮಾವ್ಶಿ ಹಾಳೆ ಮಡಚಿದಳು.

ಮೇ ತಿಂಗಳ ಒಂದು ಮಧ್ಯಾಹ್ನ ಧೂಳು ಬಂತು. ಇಲ್ಲಿ ಧೂಳು ಬರುವುದೆಂದರೆ ಗುಡಿಸಿ ಹಾಕುವ ಧೂಳಲ್ಲ. ಆಕಾಶ ಮೊದಲು ಅರಿಸಿನ, ಆಮೇಲೆ ಕಾವಿ. ಮುಂದಿನ ಕಾರಿನ ಕೆಂಪು ದೀಪ ಬಿಟ್ಟರೆ ಪ್ರಪಂಚವೇ ಇಲ್ಲ. ಹೆದ್ದಾರಿಯಲ್ಲಿ ವಾಹನಗಳೆಲ್ಲ ನಿಂತವು. ಖಾನ್ ಭಾಯಿ ಹಾಡು ನಿಲ್ಲಿಸಿದರು. ಗಾಜಿಗೆ ಮರಳು ಉಜ್ಜುವ ಸದ್ದು ಮಾತ್ರ. ಶೆಟ್ಟರು ಬಾಯಿಗೆ ಕರವಸ್ತ್ರ ಕಟ್ಟಿಕೊಂಡರು.

ಆಗ ವ್ಯಾನಿನೊಳಗೆ ಒಬ್ಬ ಹೆಂಗಸು ಹಾಡಿದಳು.

ವಾದ್ಯವಿಲ್ಲ, ತಾಳವಿಲ್ಲ. ಮುಂದಿನಿಂದ, ಹಿಂದಿನಿಂದ, ನಮ್ಮ ಮೊಣಕಾಲಿನ ಪಕ್ಕದ ಬಾಗಿಲಿನಿಂದ ಒಂದೇ ಸಲ ಬಂತು ಅವಳ ದನಿ. ಒಡೆದ ದನಿ. ಒಂದು ಸಾಲು ಹಾಡಿದಳು. ನಿಂತಳು. ಹಗ್ಗ ಎಳೆದಂತೆ ಉಸಿರೆಳೆದುಕೊಂಡಳು. ಎರಡನೆಯ ಸಾಲು ಅರ್ಧ ಹಾಡಿದಳು, ಮತ್ತೆ ಉಸಿರು. ಇನ್ನೊಂದು ತುಣುಕು, ಮತ್ತೆ ಉಸಿರು. ಕೊನೆಯ ಪದ, ಮತ್ತೆ ಉಸಿರು. ಮುಗಿಯಿತು. ಖಾನ್ ಭಾಯಿಯ ಕೈ ಹಾವು ಮುಟ್ಟಿದ ಹಾಗೆ ಗುಂಡಿಯ ಮೇಲೆ ಬಡಿದು ಎಲ್ಲವನ್ನೂ ಆರಿಸಿತು.

ಶೆಟ್ಟರ ಕರವಸ್ತ್ರದೊಳಗಿಂದ, "ಸ್ವಾಮಿ ಕೊರಗಜ್ಜಾ" ಎಂದು ತುಳುನಾಡಿನ ದೈವವನ್ನು ಕರೆದದ್ದು ಕೇಳಿಸಿತು. ಮಾವ್ಶಿ ಎಡಗೈಯಿಂದ ತನ್ನ ಗಡಿಯಾರವನ್ನು ಹಿಡಿದುಕೊಂಡಿದ್ದಳು.

"ಶ್ವಾಸಕೋಶ ಬಂತು," ಎಂದಳು ಮೆಲ್ಲಗೆ. "ಎರಡು ಸಾಲಿಗೆ ನಾಲ್ಕು ಉಸಿರು. ಇವಳು ಜಾಸ್ತಿ ದಿನ ಇರುದಿಲ್ಲ."

"ಯಾರದು ಖಾನ್ ಭಾಯಿ?" ಎಂದೆ ನಾನು.

"ಹಾಡು," ಎಂದರು ಅವರು.

"ಯಾವ ಹಾಡು? ಇನ್ನೊಮ್ಮೆ ಹಾಕಿ," ಎಂದಳು ಮಾವ್ಶಿ.

"ಅಂಥ ಹಾಡು ಇಲ್ಲ, ಬಾಜಿ."

ಹಾಡು ಎಂದರು, ಇಲ್ಲ ಎಂದರು! ಕನ್ನಡಿಯಲ್ಲಿ ನೋಡಿದೆ, ಅವರ ಮುಖ ಬೂದಿಯಾಗಿತ್ತು.

ಮರುದಿನದಿಂದ ವ್ಯಾನಿನಲ್ಲಿ ಹಾಡೇ ಇಲ್ಲ. ಖಾಲಿ ಸೀಟು ಬೆಲ್ಟ್ ಹಾಕಿಕೊಂಡು ಮುಂದೆ ಕುಳಿತಿರುತ್ತಿತ್ತು, ಗಾಜಿನ ಕಣ್ಣು ನಮ್ಮನ್ನು ನೋಡುತ್ತಿತ್ತು, ನಾವು ನಮ್ಮ ಪಾದ ನೋಡುತ್ತಿದ್ದೆವು. ಮಾವ್ಶಿಗೆ ಮಾತ್ರ ಆ ದನಿ ಬಿಡಲಿಲ್ಲ. ವಾರ್ಡಿನ ಯಂತ್ರಗಳ ಸದ್ದಿನಲ್ಲೂ ಅವಳೇ ಕೇಳಿಸುತ್ತಾಳೆ ಎಂದಳು. ಶುಕ್ರವಾರ ರಜೆಯ ದಿನ, ಉರಿಬಿಸಿಲಿಗೆ ಬೀದಿಯಲ್ಲಿ ನರಪಿಳ್ಳೆಯಿಲ್ಲದ ಹೊತ್ತು, ಅಡುಗೆಮನೆಯಲ್ಲಿ ಎ.ಸಿ.ಯ ಸದ್ದಿಗೆ ಕಿವಿಗೊಟ್ಟು ನಿಂತಿದ್ದಳು. ಒಲೆಯ ಮೇಲೆ ಸಾರು ಉಕ್ಕಿ ಚೆಲ್ಲುತ್ತಿತ್ತು. "ಎಂತ ಮಾಡ್ತಾ ಇದ್ದಿ?" ಎಂದೆ. "ಶ್ಶ್. ಲೆಕ್ಕ ತಪ್ಪಿಸ್ಬೇಡ," ಎಂದಳು. ಯಾರ ಉಸಿರನ್ನು ಎಣಿಸುತ್ತಿದ್ದಳು? ಮನೆಯಲ್ಲಿದ್ದವರು ನಾವಿಬ್ಬರೇ. ಅವತ್ತು ನನಗೆ ನಿಜಕ್ಕೂ ಹೆದರಿಕೆಯಾಯಿತು. ಹಾಡಿನ ಹೆಂಗಸಿಗಿಂತ ಮೊದಲು ಮಾವ್ಶಿಯನ್ನೇ ಡಾಕ್ಟರಿಗೆ ತೋರಿಸಬೇಕೇನೋ ಎನ್ನಿಸಿತು.

ಇನ್ನೊಂದು ವಾರ ಕಳೆದಾಗ ಅವಳು ನೇರವಾಗಿ ವ್ಯಾನಿನ ಸ್ಪೀಕರನ್ನೇ ವಿಚಾರಿಸತೊಡಗಿದಳು. ಬಾಗಿಲಿಗೆ ಬಾಯಿ ಹತ್ತಿರ ತಂದು, ಮುರುಕು ಪಶ್ತೋದಲ್ಲಿ, "ಖೋರೇ, ನಿನಗೆ ಮಲಗಲಿಕ್ಕೆ ಆಗ್ತದಾ?" ಖೋರ್ ಎಂದರೆ ತಂಗಿ, ಅಕ್ಕ. ಶೆಟ್ಟರು ನನಗೆ ಸನ್ನೆ ಮಾಡಿ ತಮ್ಮ ತಲೆ ಮುಟ್ಟಿ ತೋರಿಸಿದರು. ಖಾನ್ ಭಾಯಿ ಮಾತ್ರ ನಗಲಿಲ್ಲ.

ಆ ಗುರುವಾರ ಶೆಟ್ಟರು ಊರಿಗೆ ಹೋಗಿದ್ದರು. ಎಗೈಲಾ ಮುಟ್ಟಿದಾಗ ಖಾನ್ ಭಾಯಿ ನಮ್ಮ ಕಟ್ಟಡದ ಮುಂದೆ ನಿಲ್ಲಿಸದೆ, ಮಾಲ್‌ನ ಹಿಂದಿನ ಪಾರ್ಕಿಂಗಿಗೆ ವ್ಯಾನ್ ತಿರುಗಿಸಿ ನಿಂತರು. ಮೂರೂವರೆಯ ಬಿಸಿಲು. ಸುತ್ತ ಒಂದು ಜೀವ ಇಲ್ಲ.

"ಬಾಜಿ, ಅದು ಹಾಡಲ್ಲ. ಅದು ಮನೆ," ಎಂದರು.

ಮನೆ ಎಂದರೆ ಹೆಂಡತಿ. ಅವರ ಕಡೆ ಗಂಡಸು ಪರರ ಮುಂದೆ ಹೆಂಡತಿಯ ಹೆಸರು ಹೇಳುವುದಿಲ್ಲ, ಅವಳ ದನಿ ಪರರ ಕಿವಿಗೆ ಬೀಳಬಾರದು. ಇದನ್ನು ಕೇಳಿ ಅಯ್ಯೋ ಎನ್ನುವ ಮೊದಲು ನಮ್ಮ ಶೆಟ್ಟರ ಫೋನ್ ನೋಡಬೇಕು. ಅಲ್ಲೂ ಹೆಂಡತಿಯ ನಂಬರಿಗೆ "ಮನೆ" ಎಂದೇ ಹೆಸರು! ನಮ್ಮಲ್ಲಿ ಹಳೆಯ ಹೆಂಗಸರು ಗಂಡನ ಹೆಸರು ನುಂಗಿಕೊಂಡಂತೆ ಅವರಲ್ಲಿ ಗಂಡಸರು ಹೆಂಡತಿಯದನ್ನು ನುಂಗುತ್ತಾರೆ. ಆಕೆಗೆ ಓದುಬರಹವಿಲ್ಲ. ಹದಿನಾಲ್ಕು ವರ್ಷದ ಮದುವೆಯಲ್ಲಿ ಇಬ್ಬರೂ ಒಟ್ಟಿಗೆ ಇದ್ದದ್ದು ಎಲ್ಲ ಸೇರಿ ಎರಡು ವರ್ಷವೂ ಇರಲಾರದು. ಹಾಗಾಗಿ ಟಪ್ಪಾ ಕಟ್ಟಿ, ಫೋನಿಗೆ ಹಾಡಿ ಕಳುಹಿಸುತ್ತಾಳೆ. ಆ ದಿನ ಧೂಳಿನಲ್ಲಿ ಫೋನನ್ನು ಕಿವಿಗೆ ಹಿಡಿದು ಒತ್ತಿದ್ದಾರೆ. ಅದು ಸ್ಪೀಕರಿಗೆ ಜೋಡಿಸಿಕೊಂಡದ್ದು ನೆನಪಿರಲಿಲ್ಲ.

"ಊರಲ್ಲಿ ಈಗ ಮದುವೆ ಮನೆಯಲ್ಲಿ ಅವಳ ಟಪ್ಪಾಗಳನ್ನೇ ಹಾಡುತ್ತಾರೆ," ಎಂದರು. ದನಿಯಲ್ಲಿ ನಾಚಿಕೆಯೂ ಇತ್ತು, ಹೆಮ್ಮೆಯೂ ಇತ್ತು. "ಹೇಳಲಾ?" ಎಂದು ಸ್ಟಿಯರಿಂಗ್ ನೋಡುತ್ತಾ ಒಂದೊಂದಾಗಿ ಹೇಳಿದರು.

ಬಣ್ಣ ಹಚ್ಚಿಲ್ಲ, ನನ್ನ ಕೆನ್ನೆ ತಾನಾಗಿ ಕೆಂಪಾಯಿತು;
ನಿನ್ನ ಕಾಗದ ಬಂತೇ ಎಂದು ಊರೆಲ್ಲ ಕೇಳಿತು.

ಮಾವ್ಶಿ ಕೈಚೀಲದಿಂದ ಹಾಳೆ ತೆಗೆದಳು. ಕೆನ್ನೆಗೆ ಗುರುತು ಹಾಕಿದಳು.

ಗುದರ್‌ನಿಂದ ಮನೆಗೆ ಏಳು ಸಲ ಕೊಡ ಇಳಿಸಿದೆ;
ಇಳಿಸಿದಲ್ಲೆಲ್ಲ ಕುಳಿತು ನಿನ್ನ ದಾರಿ ನೋಡಿದೆ.

ಇನ್ನೊಂದು ಗುರುತು.

ಇರುಳೆಲ್ಲ ಗೋಡೆಗೆ ಒರಗಿ ಎಚ್ಚರವೇ ಕುಳಿತೆ;
ಮಲಗಿದರೆ ನಿನ್ನ ನೆನಪು ಎದೆ ಏರಿ ಕೂರುತ್ತದೆ.

"ಸಾಕು," ಎಂದಳು ಮಾವ್ಶಿ. ಪೆನ್ನು ಕೆಳಗಿಟ್ಟಳು. "ಇದು ಪ್ರೀತಿ ಅಲ್ಲ ಖಾನ್ ಭಾಯಿ. ವಾಲ್ವ್."

"ಏನು?"

"ಹೃದಯದ ಒಳಗಿನ ಬಾಗಿಲು. ಸಣ್ಣವಳಿರುವಾಗ ಜ್ವರ, ಗಂಟುನೋವು ಬಂದಿರ್ಬೇಕು, ಆಗ ಹಾಳಾಗಿದೆ. ಈಗ ಅದು ಸರಿಯಾಗಿ ತೆರೀತಾ ಇಲ್ಲ. ಕೆನ್ನೆ ಕೆಂಪಾಗುದು ಅದಕ್ಕೆ. ಏರು ಹತ್ತಲಿಕ್ಕೆ ಆಗದ್ದು ಅದಕ್ಕೆ. ಮಲಗಿದ್ರೆ ಎದೆ ಮೇಲೆ ಕೂತದ್ದು ನಿಮ್ಮ ನೆನಪು ಅಲ್ಲ, ನೀರು."

ಖಾನ್ ಭಾಯಿ ಹಿಂದೆ ತಿರುಗಿದರು. ಅಷ್ಟು ದೊಡ್ಡ ಮನುಷ್ಯನ ಮುಖ, ಕೈಯಲ್ಲಿದ್ದುದನ್ನು ಯಾರೋ ಕಿತ್ತುಕೊಂಡ ಮಗುವಿನ ಮುಖದ ಹಾಗಾಗಿತ್ತು. "ಹದಿನಾಲ್ಕು ವರ್ಷದ ಮೊಹಬ್ಬತ್ತಿಗೆ ನೀವು ವಾಲ್ವ್ ಅನ್ನುತ್ತೀರಾ ಬಾಜಿ?"

"ಎರಡೂ ಇರಬಹುದು. ಪ್ರೀತಿಗೆ ಆಪರೇಷನ್ ಇಲ್ಲ, ವಾಲ್ವಿಗೆ ಉಂಟು. ಹೊಟ್ಟೆಯಲ್ಲಿ ಮಗು ಉಂಟಾ?"

ಖಾನ್ ಭಾಯಿ ಮತ್ತೆ ಸ್ಟಿಯರಿಂಗ್ ಕಡೆ ತಿರುಗಿದರು. ಹಿಂದಿನ ಸಲ ರಜೆಗೆ ಹೋಗಿ ಬಂದು ಐದು ತಿಂಗಳಾಗಿತ್ತು. ಹೌದೆಂದು ತಲೆಯಾಡಿಸಿದರು.

ಮಾವ್ಶಿ ಹಣೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡಳು. "ಫೋನ್ ಹಚ್ಚಿ. ನಾನು ಮಾತಾಡ್ತೇನೆ. ಈಗ."

ಖಾನ್ ಭಾಯಿ ಫೋನ್ ಹಚ್ಚಿ, ಪಶ್ತೋದಲ್ಲಿ ನಾಲ್ಕು ಮಾತಾಡಿ, ಮಾವ್ಶಿಯ ಕೈಗೆ ಕೊಟ್ಟರು. ಆಮೇಲೆ ಕೆಳಗಿಳಿದು, ಆ ಬಿಸಿಲಿನಲ್ಲಿ ಐವತ್ತು ಹೆಜ್ಜೆ ದೂರ ಹೋಗಿ ನಮಗೆ ಬೆನ್ನು ಹಾಕಿ ನಿಂತರು. ಮಾವ್ಶಿ ಅಲ್ಲಿನ ಡಾಕ್ಟರಿಗೆ ಚೀಟಿ ಬರೆಯಬೇಕಿತ್ತು, ಚೀಟಿಗೆ ರೋಗಿಯ ಹೆಸರು ಬೇಕಿತ್ತು. ಅದನ್ನು ನಮ್ಮೆದುರು ತಾನು ಹೇಳಲಾರದೆ, ಹೆಂಡತಿಯೇ ಹೇಳಲಿ ಎಂದು ಅಷ್ಟು ದೂರ ಹೋದದ್ದು.

ಈಗ ನಮ್ಮ ಮಾವ್ಶಿಯ ಪಶ್ತೋ! ಆಚೆಯವಳಿಗೆ ಉರ್ದು ಬಾರದು. ಇವಳಿಗೆ ಬರುವ ಪಶ್ತೋ ಎಲ್ಲವೂ ಸ್ಪೀಕರಿನಿಂದ ಕಲಿತದ್ದು. ಅದರಲ್ಲಿ ಚಂದ್ರ ಇದೆ, ಝರಿ ಇದೆ, ಗೆಜ್ಜೆ ಇದೆ, ದಾಳಿಂಬೆ ಇದೆ, ಹಕ್ಕಿ ಇದೆ. ಬಾವು, ಕಫ, ರಕ್ತ ಎಂಬ ಮಾತು ಯಾವ ಪ್ರೇಮಗೀತೆಯಲ್ಲಿ ಬರುತ್ತದೆ? ಇದ್ದದ್ದರಲ್ಲೇ ಅವಳು ತಪಾಸಣೆ ಶುರು ಮಾಡಿದಳು. ಒಂದೊಂದು ಪ್ರಶ್ನೆ ಕೇಳಿ ನನಗೆ ಕನ್ನಡದಲ್ಲಿ ಹೇಳುತ್ತಿದ್ದಳು.

"ನಿನ್ನ ಗೆಜ್ಜೆ ಸಂಜೆಗೆ ಬಿಗಿಯಾಗ್ತದಾ ಅಂತ ಕೇಳಿದೆ. ಆಗ್ತದಂತೆ." ಹಾಳೆಯ ಪಾದಕ್ಕೆ ಗುರುತು.

"ಎದೆಯೊಳಗಿನ ಹಕ್ಕಿ ತಪ್ಪು ತಪ್ಪಾಗಿ ರೆಕ್ಕೆ ಬಡೀತದಾ ಅಂತ ಕೇಳಿದೆ. ಬಡೀತದಂತೆ."

ಆಮೇಲಿನ ಪ್ರಶ್ನೆಗೆ ಅವಳು ಮಾತು ಹುಡುಕಿದಳು. ಹುಡುಕಿ ಕೇಳಿದಳು. ಆಚೆ ಬಹಳ ಹೊತ್ತು ಉಸಿರು ಮಾತ್ರ ಕೇಳಿಸಿತು. ಆ ಉಸಿರೇ, ಧೂಳಿನ ದಿನದ್ದು. ಬಿಸಿಲಿನಲ್ಲಿ ನಿಂತ ವ್ಯಾನಿನೊಳಗೆ ನನ್ನ ತೋಳಿನ ರೋಮ ಎದ್ದು ನಿಂತಿತು. ಕೊನೆಗೆ ಒಂದು ಸಣ್ಣ ಉತ್ತರ ಬಂತು.

"ಕೆಮ್ಮಿದಾಗ ಬಾಯಿಂದ ದಾಳಿಂಬೆ ಕಾಳು ಬೀಳ್ತದಾ ಅಂತ ಕೇಳಿದೆ," ಎಂದಳು ಮಾವ್ಶಿ. "ಎರಡು ಸಲ ಬಿದ್ದಿದೆಯಂತೆ. ಯಾರಿಗೂ ಹೇಳಿಲ್ಲ. ಹಾಡಲ್ಲೂ ಹೇಳಿಲ್ಲ."

ಕೊನೆಗೆ ಹೆಸರು ಕೇಳಿದಳು. ನನ್ನ ಕಡೆ ತಿರುಗಿ, "ಕಿವಿ ಮುಚ್ಚು," ಎಂದಳು. ಮುಚ್ಚಿಕೊಂಡೆ. ಅವಳು ಹಾಳೆಯ ಮೇಲ್ತುದಿಯಲ್ಲಿ ಬರೆದುಕೊಂಡಳು. ಆ ಹೆಸರು ಮಾವ್ಶಿಗೆ ಬಿಟ್ಟರೆ ನಮ್ಮ ಕಡೆ ಇಂದಿಗೂ ಯಾರಿಗೂ ಗೊತ್ತಿಲ್ಲ.

ಮುಂದಿನದು ಸುಲಭವಾಗಲಿಲ್ಲ. ಕೆನ್ನೆ ಕೆಂಪಗಿರುವ ಸೊಸೆಗೆ ಎಂಥ ಕಾಯಿಲೆ ಎಂದು ಅತ್ತೆ ಕೇಳಿದರು. ಗಂಡಸು ಡಾಕ್ಟರು ಬೇಡ ಎಂದರು ಮಾವ. ಖಾನ್ ಭಾಯಿ ಜೀವನದಲ್ಲಿ ಮೊದಲ ಸಲ ತಂದೆಗೆ ಎದುರು ಮಾತಾಡಿದರಂತೆ. ಅವರ ತಮ್ಮ ಅತ್ತಿಗೆಯನ್ನು ಜೀಪಿನಲ್ಲಿ ಕೂರಿಸಿಕೊಂಡು ಪೆಶಾವರಕ್ಕೆ ಹೊರಟ. ಅಲ್ಲಿ ಒಬ್ಬ ಲೇಡಿ ಡಾಕ್ಟರು ಮಾವ್ಶಿಯ ಚೀಟಿ ಓದಿ, ಎದೆಯ ಸ್ಕ್ಯಾನ್ ಮಾಡಿಸಿ, ಇನ್ನು ಒಂದು ತಿಂಗಳು ಬಿಟ್ಟು ಬಂದಿದ್ದರೆ ತಾಯಿಯೂ ಇಲ್ಲ ಮಗುವೂ ಇಲ್ಲ ಎಂದರಂತೆ. ತೊಡೆಯ ನರದಿಂದ ಬಲೂನು ಕಳುಹಿಸಿ ಆ ಬಾಗಿಲನ್ನು ಬಿಡಿಸಬೇಕು ಎಂದರು.

ಬಿಡಿಸುವ ದಿನ ವ್ಯಾನಿನಲ್ಲಿ ನಾಲ್ಕು ಜನರೂ ಕಲ್ಲಾಗಿ ಕುಳಿತಿದ್ದೆವು. ಊರಿನಿಂದ ಮರಳಿದ್ದ ಶೆಟ್ಟರು ಕೊರಗಜ್ಜನಿಗೆ ಚಕ್ಕುಲಿ ಹರಕೆ ಹೊತ್ತಿದ್ದರು. ಕೊರಗಜ್ಜನ ಅಧಿಕಾರ ಪೆಶಾವರದವರೆಗೂ ಇದೆಯೇ ಎಂದು ನಾನು ಕೇಳಲಿಲ್ಲ. ಮಾವ್ಶಿ ರಸ್ತೆಯುದ್ದಕ್ಕೂ ಕಿವಿಗೊಟ್ಟಿದ್ದಳು. "ಎಂತ ಕೇಳ್ತದೆ?" ಎಂದೆ. "ಎಂತದೂ ಕೇಳುದಿಲ್ಲ," ಎಂದಳು. ಒಂದು ತಿಂಗಳಿಂದ ಹಗಲೆಲ್ಲ ಅವಳ ಕಿವಿಯಲ್ಲಿದ್ದ ಉಸಿರು ಅಂದು ಬೆಳಿಗ್ಗೆ ನಿಂತುಹೋಗಿತ್ತಂತೆ. ಅದು ಒಳ್ಳೆಯದಕ್ಕೋ ಕೆಟ್ಟದಕ್ಕೋ ಅವಳಿಗೂ ತಿಳಿಯದು. ಶುವೈಖ್ ಮುಟ್ಟುವವರೆಗೆ ನಾನು ಅವಳ ಕೈ ಹಿಡಿದುಕೊಂಡಿದ್ದೆ. ಮಧ್ಯಾಹ್ನ ವಾಪಸು ಬರುವಾಗ ಖಾನ್ ಭಾಯಿಯ ತಮ್ಮನ ಫೋನ್ ಬಂತು. ಬಾಗಿಲು ತೆರೆಯಿತು, ಇಬ್ಬರೂ ಇದ್ದಾರೆ ಎಂದು. ಖಾನ್ ಭಾಯಿ ವ್ಯಾನನ್ನು ರಸ್ತೆಯ ಅಂಚಿಗೆ ನಿಲ್ಲಿಸಿ, ಇಳಿದು, ಮರಳಿನ ಮೇಲೆಯೇ ನಮಾಜು ಮಾಡಿದರು.

ಐದು ವಾರ ಕಳೆದು ಒಂದು ಮಧ್ಯಾಹ್ನ ವಾಪಸು ಬರುವಾಗ ಅವರು ಹೇಳಿದರು. "ಬಾಜಿ, ಮನೆಯಿಂದ ಟಪ್ಪಾ ಬಂದಿದೆ. ನಿಮಗಂತೆ. ಎಲ್ಲರೂ ಕೇಳಲಿ, ಸ್ಪೀಕರಿಗೆ ಹಾಕು ಅಂತ ಅವಳೇ ಹೇಳಿದ್ದಾಳೆ." ಶೆಟ್ಟರು ತಲೆ ತಗ್ಗಿಸಿ ಕುಳಿತರು. ಖಾನ್ ಭಾಯಿ ಗುಂಡಿ ಒತ್ತಿದರು. ದನಿ ಬಂತು. ಒಡಕು ಹಾಗೇ ಇತ್ತು, ಆದರೆ ಎರಡು ಸಾಲೂ ನಿಲ್ಲದೆ ಹರಿದು ಮುಗಿದವು. ಖಾನ್ ಭಾಯಿ ತಡವರಿಸುತ್ತಾ ಅರ್ಥ ಹೇಳಿದರು.

ಒಂದೇ ಸೂರಿನಡಿ ಇದ್ದವರಿಗೆಲ್ಲ ನನ್ನ ಉಸಿರು ಹಾಡಾಗಿ ಕೇಳಿತು;
ಕಡಲಾಚೆಯ ಅಕ್ಕಾ, ನಿನಗೊಬ್ಬಳಿಗೇ ಅದು ಉಸಿರಾಗಿ ಕೇಳಿತು.

ಆ ಊರಿನ ಹೆಂಗಸರು ಇನ್ನು ಮದುವೆಗಳಲ್ಲಿ ಇದನ್ನು ಹಾಡುತ್ತಾರಂತೆ. ನಾನು ಮಾವ್ಶಿಯ ಕಡೆ ತಿರುಗಿದೆ, ಈಗ ಏನಾದರೂ ರೋಗ ಹೇಳುತ್ತಾಳೆ, ನಗೋಣ ಎಂದು. ಅವಳು ಕಿಟಕಿಗೆ ತಲೆ ಆನಿಸಿ, ಸದ್ದಿಲ್ಲದೆ, ಮುಖವೆಲ್ಲ ಒದ್ದೆ ಮಾಡಿಕೊಂಡು ಅಳುತ್ತಿದ್ದಳು. ಅವಳು ಅತ್ತದ್ದನ್ನು ನಾನು ಹುಟ್ಟಿದ ಮೇಲೆ ನೋಡಿರಲಿಲ್ಲ. ಇಪ್ಪತ್ತೆಂಟು ವರ್ಷ ಅವಳು ನಮ್ಮೆಲ್ಲರ ಕೆಮ್ಮು, ಸೀನು, ನಾಡಿಯನ್ನು ಕೇಳಿದಳು. ಊರಿನಿಂದ ನಾವು ಮಾಡಿದ ಫೋನುಗಳಲ್ಲಿ ಬರುವಾಗ ಏನು ತರುತ್ತಿ ಎಂದು ಕೇಳಿದೆವು, ಯಾವಾಗ ಬರುತ್ತಿ ಎಂದು ಕೇಳಿದೆವು. ಒಂದೇ ಸೂರಿನಡಿ ಇದ್ದೂ ನಾನು ಅವಳನ್ನು ಒಂದು ಹಾಸ್ಯದ ಕತೆಯಾಗಿ ಮಾತ್ರ ಕೇಳಿಸಿಕೊಂಡಿದ್ದೆ. ನನಗೆ ನಾಚಿಕೆಯಾಯಿತು.

ಹತ್ತಿರ ಸರಿದು, ನಮ್ಮ ಮನೆಮಾತಿನಲ್ಲಿ ಮೆಲ್ಲಗೆ ಕೇಳಿದೆ. "ಮಾವ್ಶಿ, ನೀನು ಹೇಗಿದ್ದೀ?"

ಅವಳು ನನ್ನನ್ನು ಪರಿಚಯವಿಲ್ಲದವಳಂತೆ ಒಂದು ಕ್ಷಣ ನೋಡಿದಳು. "ಯಾರಿಗೆ ಹೇಳುದು ಮಗಾ," ಎಂದಳು. ಆಮೇಲೆ ಹೇಳತೊಡಗಿದಳು. ವ್ಯಾನ್ ಎಗೈಲಾ ಮುಟ್ಟಿ ನಮ್ಮ ಕಟ್ಟಡದ ಮುಂದೆ ನಿಂತಿತು. ಖಾನ್ ಭಾಯಿ ಇಂಜಿನ್ ಆರಿಸಲಿಲ್ಲ, ಇಳಿಯಿರಿ ಎನ್ನಲಿಲ್ಲ. ಅವಳು ಹೇಳುತ್ತಲೇ ಇದ್ದಳು, ನಾನು ಕೇಳುತ್ತಿದ್ದೆ.